ಬಂಡ್ರಿಯ ಅವ್ವ ಮತ್ತು ನನ್ನ ಮಗಳ ತಲೆ

ಆಕೆ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ನನ್ನ ಮಗಳಿಂದ. ಬಂಡ್ರಿಯವರು ಫೋನು ಮಾಡಿದ್ದು ಬಳ್ಳಾರಿಯ ಹಾಸ್ಟೆಲಿನಲ್ಲಿ ಓದುತ್ತಿರುವ ಅವಳಿಗೆ. ಆಕೆ ಎಷ್ಟೋ ಭಾನುವಾರ ಬಂದು ಕೂತಿದ್ದ ಹೊಸಪೇಟೆಯ ಮನೆಯಲ್ಲೇ ಇರುವ ನನಗಲ್ಲ. "ಮಮ್ಮಿ, ಅವ್ವ ಹೋದ್ಲು" ಎಂದಳು ಅಂಕಿತಾ. ಯಾವ ಅವ್ವ ಎಂದು ಕೇಳಬೇಕೆನಿಸಿತು. ಗೊತ್ತಿದ್ದೂ ಕೇಳಬೇಕೆನಿಸಿತು. ನಾನು ಮಮ್ಮಿ, ಆಕೆ ಅವ್ವ. ನಮ್ಮ ಮನೆಯಲ್ಲಿ ಈ ಹಂಚಿಕೆಯಾಗಿ ಹತ್ತು ವರ್ಷವಾಯಿತು, ಅಷ್ಟೂ ವರ್ಷ ಅದು ನನ್ನನ್ನು ಚುಚ್ಚುತ್ತಲೇ ಇದೆ.

ಹೋದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಆಕೆಯ ಬಗ್ಗೆ ಒಳ್ಳೆಯದು ಬೇಕಾದಷ್ಟಿದೆ. ನನ್ನ ತೊಂದರೆಯೇ ಅದು.

ಆಕೆ ಹೇನು ತೆಗೆಯುವವಳು. ಬೇರೆ ಕೆಲಸವನ್ನೂ ಮಾಡಿದ್ದಳು. ಹರೆಯದಲ್ಲಿ ಸಂಡೂರಿನ ಗಣಿಯಲ್ಲಿ ಕೂತು ಅದಿರು ಆರಿಸುತ್ತಿದ್ದಳಂತೆ. ಎಡಗೈ ಹೆಬ್ಬೆರಳಿನ ಮೇಲೆ ಕಲ್ಲು ಬಿದ್ದು ಉಗುರು ಕಪ್ಪಾಗಿ ಹಾಗೇ ಉಳಿದಿತ್ತು. ಹಿಮ್ಮಡಿಯ ಬಿರುಕುಗಳಲ್ಲಿ ಕೆಂಪು ಮಣ್ಣು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಬಂಡ್ರಿಯಿಂದ ಸಂಡೂರಿಗೆ, ಅಲ್ಲಿಂದ ಹೊಸಪೇಟೆಗೆ ಬಸ್ಸು ಬದಲಿಸಿಕೊಂಡು ಬಂದು ನಮ್ಮ ಕಾಲೊನಿಯ ನಾಲ್ಕು ಮನೆಗಳಿಗೆ ಹೋಗುತ್ತಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅದರಲ್ಲಿ ಹಳೆಯ ಧೋತರದ ಪಟ್ಟಿಗಳು, ಬೇವಿನ ಎಣ್ಣೆಯ ಬಾಟಲಿ, ಸೀಗೆಪುಡಿ, ಅಂಗೈಯಗಲದ ಒರಳು, ಮರದ ಸೀರಣಿಗೆ. ಸೀರಣಿಗೆಯ ಹಲ್ಲುಗಳು ಎಷ್ಟು ಒತ್ತೊತ್ತಾಗಿದ್ದವೆಂದರೆ ಹೇನಿನ ಮೊಟ್ಟೆಯಾದ ಸೀರು ಕೂಡ ನುಸುಳುವಂತಿರಲಿಲ್ಲ.

ಅವಳನ್ನು ನಮ್ಮ ಮನೆಗೆ ಕರೆತಂದವರು ಪಕ್ಕದ ಮನೆಯ ಸುಜಾತಕ್ಕ. ಆಗ ಅಂಕಿತಾಗೆ ಹತ್ತು ವರ್ಷ. ಅವಳ ತಲೆಯಲ್ಲಿ ಮೊದಲ ಹೇನು ಕಂಡ ದಿನ ನಾನು ಬಾಗಿಲು ಹಾಕಿಕೊಂಡು, "ಇದನ್ನು ಯಾರ ಹತ್ತಿರವೂ ಹೇಳಬೇಡ" ಎಂದಿದ್ದೆ. ನಾನು ಓದಿದ್ದು ಸಿಸ್ಟರುಗಳ ಶಾಲೆಯಲ್ಲಿ. ಅಲ್ಲಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರು ಒಬ್ಬೊಬ್ಬರ ಜಡೆಯನ್ನೂ ಪೆನ್ಸಿಲಿನ ತುದಿಯಿಂದ ಎತ್ತಿ ನೋಡುತ್ತಿದ್ದರು. ಹೇನು ಸಿಕ್ಕವರ ಕೈಗೆ ಚೀಟಿ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಆ ಚೀಟಿ ಒಮ್ಮೆಯೂ ನನ್ನ ಕೈಗೆ ಬಂದಿರಲಿಲ್ಲ. ಆ ಹೆಮ್ಮೆ ನನಗೆ ಮದುವೆಯಾದ ಮೇಲೂ ಇತ್ತು. ಅಂಗಡಿಯ ಶಾಂಪೂ ತಂದೆ, ಇನ್ನೊಂದು ತಂದೆ. ಹೇನುಗಳು ಎರಡು ದಿನ ಮಂಕಾಗಿ ಮೂರನೆಯ ದಿನ ಎದ್ದು ಓಡಾಡಿದವು. ಕೊನೆಗೆ ಸುಜಾತಕ್ಕನೇ ನೋಡಿ, "ಹುಡಿಗಿ ತಲಿ ತುರಿಸೋದು ಕಾಂಪೌಂಡಿನಾಚೆ ನನಗ ಕಾಣ್ಸತೈತಿ. ನೀ ಯಾರಿಗೆ ಮುಚ್ಚಿಡ್ತೀ?" ಎಂದು ಗದರಿ ಆಕೆಯನ್ನು ಕಳಿಸಿದರು.

ಆಕೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಮಗಳನ್ನು ಕೆಳಗೆ ಮಣೆಯ ಮೇಲೆ ಕೂರಿಸಿಕೊಂಡು, ಬೈತಲೆ ಬಿಡಿಸಿ ನೋಡಿದಳು.

"ಅಯ್ಯಯ್ಯ, ಇಲ್ಲಿ ಭಾಳ ದಿನದ ಸಂಸಾರ ಐತಿ. ಗಂಡ ಹೆಂಡ್ರು, ಮಕ್ಕಳು, ಬೀಗರು ಎಲ್ಲಾ ಬಂದು ಕುಂತಾರ."

ಅಂಕಿತಾ ಕಿಸಕ್ಕನೆ ನಕ್ಕಳು. ತಿಂಗಳಿಂದ ನಕ್ಕಿರದ ಹುಡುಗಿ.

"ನಗಬ್ಯಾಡ ಅವ್ವಿ, ಅವಕ್ಕ ಎಚ್ಚರ ಆಗತೈತಿ. ಇಲ್ಲಿ ನೋಡು, ಇಂವ ಲಾರಿ ಓನರು. ಹೊಟ್ಟಿ ಹೆಂಗ ಬಂದೈತಿ ನಿನ್ನ ರಗತ ಕುಡುದು!"

ಲಾರಿ ಓನರನ್ನು ಉಗುರುಗಳ ನಡುವೆ ಚಟ್ಟೆನಿಸಿದಳು. ಮಗಳು ಇನ್ನೂ ಜೋರಾಗಿ ನಕ್ಕಳು. ನಾಚಿಕೆಯಿಂದ ನಾನು ಮುಚ್ಚಿಟ್ಟಿದ್ದು ಆ ಕಲ್ಲಿನ ಮೇಲೆ ಎರಡು ನಿಮಿಷದಲ್ಲಿ ತಮಾಷೆಯಾಗಿಬಿಟ್ಟಿತು. ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ.

ಆಕೆಯ ಔಷಧಿ ಸೀತಾಫಲದ ಬೀಜ. ಸಂಡೂರಿನ ಗುಡ್ಡದಲ್ಲಿ ದಸರೆಯ ಹೊತ್ತಿಗೆ ಸೀತಾಫಲ ಬೇಕಾದಷ್ಟು. ಆ ದಿನಗಳಲ್ಲಿ ಹಣ್ಣನ್ನೂ ಹೊತ್ತು ತರುತ್ತಿದ್ದಳು. ಕೊಡುವಾಗ, "ಹಣ್ಣು ನಿಮ್ಮವು, ಬೀಜ ನನ್ನವು" ಎಂದು ಹೇಳಿಯೇ ಕೊಡುವಳು. ನಾವು ತಿಂದು ಉಗುಳಿದ ಬೀಜಗಳನ್ನು ತೊಳೆದು ಬಟ್ಟಲಿನಲ್ಲಿ ಇಟ್ಟಿರಬೇಕು. ಒಣಗಿಸಿ, ಒಡೆದು, ಒಳಗಿನ ತಿರುಳನ್ನು ತನ್ನ ಪುಟ್ಟ ಒರಳಿನಲ್ಲಿ ತರಿತರಿಯಾಗಿ ಕುಟ್ಟುತ್ತಿದ್ದಳು. ನಾನು ಒಮ್ಮೆ ಮಿಕ್ಸಿ ಇದೆಯಲ್ಲ ಎಂದಿದ್ದಕ್ಕೆ, "ಬ್ಯಾಡ್ರಿ ಅಮ್ಮಾರ. ಇದು ವಿಷ. ನಾಳೆ ಅದರಾಗ ನೀವು ಚಟ್ನಿ ರುಬ್ಬತೀರಿ" ಎಂದಳು. ಆ ಪುಡಿಯನ್ನು ಬೇವಿನ ಎಣ್ಣೆಯಲ್ಲಿ ಕಲಸಿ, ಹಣೆಯ ಅಂಚಿಗೆ ಒದ್ದೆ ಮಾಡಿ ಹಿಂಡಿದ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ಕೂದಲ ಬುಡಕ್ಕೆ ಹಚ್ಚುವಳು. ಅರ್ಧ ತಾಸು ಬಿಟ್ಟು, ಮಗುವಿನ ತಲೆಯನ್ನು ಹಿಂದಕ್ಕೆ ವಾಲಿಸಿ ಸೀಗೆಪುಡಿಯಿಂದ ತೊಳೆಯುವಳು. ಎಂದೂ ಮುಂದಕ್ಕೆ ಬಗ್ಗಿಸಿದವಳಲ್ಲ. ಎಂಟನೆಯ ದಿನಕ್ಕೆ ಮತ್ತೊಮ್ಮೆ, ಏಕೆಂದರೆ ಅಷ್ಟರಲ್ಲಿ ಉಳಿದ ಸೀರು ಒಡೆದು ಮರಿ ಹೊರಬಂದಿರುತ್ತವೆ. ತಲೆಯಲ್ಲಿ ಗಾಯವಿದ್ದ ಮಕ್ಕಳಿಗೆ ಬೀಜದ ಪುಡಿಯನ್ನು ಮುಟ್ಟಿಸುತ್ತಲೇ ಇರಲಿಲ್ಲ. ಅವರಿಗೆ ಬರೀ ಎಣ್ಣೆ, ಸೀರಣಿಗೆ, ತಾಳ್ಮೆ.

ಇಷ್ಟನ್ನೂ ನಾನು ಅಡುಗೆಮನೆಯ ಕಿಟಕಿಯಿಂದ ನೋಡಿ ಕಲಿತೆ. ಎಣ್ಣೆಯ ಕೈಯನ್ನು ಆಕೆ ಸೀರೆಗೆ ಒರೆಸದೆ ತನ್ನ ಮೊಣಕೈಗೆ ತಿಕ್ಕಿಕೊಳ್ಳುತ್ತಿದ್ದಳು. ಹೇರ್‌ಪಿನ್ನುಗಳನ್ನು ತುಟಿಯ ನಡುವೆ ಹಿಡಿದುಕೊಂಡೇ ಮಾತಾಡುತ್ತಿದ್ದಳು. ಇಂಥವೆಲ್ಲ ನನ್ನ ಕಣ್ಣಿಗೆ ಬೀಳುತ್ತವೆ.

ಆದರೆ ನನಗೆ ಸಹಿಸಲಾಗದ್ದು ಬೇರೆ. ಪುಡಿ ಹಚ್ಚಿದ ಅರ್ಧ ತಾಸೂ ಮಗು ಮಾತಾಡುತ್ತಲೇ ಇರಬೇಕೆಂಬುದು ಆಕೆಯ ಕಟ್ಟಳೆ. "ಬಾಯಿ ಮುಚ್ಚಬ್ಯಾಡ. ಹೇಳ್ತಾ ಇರು. ಮತ್ತ? ಮತ್ತ ಏನಾತು?" ಎಂದು ಕೆದಕುತ್ತಿದ್ದಳು. ಮಗಳು ಹೇಳುತ್ತಿದ್ದಳು. ನಾನು ನಲ್ಲಿ ನಿಲ್ಲಿಸಿ ಕೇಳುತ್ತಿದ್ದೆ.

ಅವಳ ಶಾಲೆಯಿಂದ ಹಂಪಿಗೆ ಒಂದು ದಿನದ ಪ್ರವಾಸ ಹೋಗಿದ್ದರು. ಬಂದವಳನ್ನು ಹೇಗಿತ್ತು ಎಂದು ಕೇಳಿದಾಗ, "ಚೆನ್ನಾಗಿತ್ತು ಮಮ್ಮಿ" ಎಂದು ಟಿಫಿನ್ ಡಬ್ಬಿ ಕೊಟ್ಟು ಒಳಗೆ ಹೋಗಿದ್ದಳು. ಭಾನುವಾರ ಕಿಟಕಿಯಲ್ಲಿ ಕೇಳಿಸಿದ್ದು ಇದು.

"ಬಸ್ಸಿನಾಗ ನನ್ ಪಕ್ಕ ಯಾರೂ ಕುಂದರಲಿಲ್ಲ ಅವ್ವ. ಹೇನು ಹತ್ತತಾವಂತ. ಮಿಸ್ಸು ನನ್ ಪಕ್ಕ ಬ್ಯಾಗ್ ಇಟ್ರು."

"ಬ್ಯಾಗ್ ಏನಾರ ಮಾತಾಡ್ತೇನು?"

"ಬ್ಯಾಗ್ ಹೆಂಗ ಮಾತಾಡತೈತಿ?"

"ಮತ್ತ ದಾರಿಯುದ್ದ ಏನ್ ಮಾಡಿದಿ?"

"ಕಿಟಕಿಯಾಗ ಬಾಳಿ ತ್ವಾಟ ನೋಡಿದೆ."

"ನಿನಗ ಬಾಳಿ ತ್ವಾಟನಾದ್ರೂ ಸಿಕ್ತಲ್ಲೇ. ನಾ ಗಣಿ ಲಾರಿಯಾಗ ಹಿಂದ ಕುಂತು ಬರೇ ಧೂಳು ನೋಡ್ತಿದ್ದೆ. ಮನಿಗೆ ಹ್ವಾದ್ರ ನಮ್ಮವ್ವಗ ನನ್ನ ಗುರುತೇ ಸಿಗ್ತಿದ್ದಿಲ್ಲ."

ಮಗಳು ನಕ್ಕಳು. ಆಮೇಲೆ ಸ್ವಲ್ಪ ಅತ್ತಳು. ಆಕೆ ಎಣ್ಣೆಯ ಕೈಯಿಂದಲೇ ಅವಳ ಬೆನ್ನು ತಟ್ಟುತ್ತಿದ್ದಳು. ನಾನು ಚಹಾ ಹಿಡಿದು ಹೊರಗೆ ಹೋದೆ. ಇಬ್ಬರೂ ಸುಮ್ಮನಾದರು. ನನ್ನ ಮಗಳು ಆಕೆಯೊಂದಿಗೆ ಆಡುತ್ತಿದ್ದ ಮಾತೂ ನನ್ನೊಂದಿಗೆ ಆಡುವ ಮಾತಾಗಿರಲಿಲ್ಲ. ನನ್ನ ಮುಂದೆ "ಕೂತ್ಕೊಳ್ಳಲಾ ಮಮ್ಮಿ?" ಎನ್ನುವವಳು ಅಲ್ಲಿ "ಕುಂದ್ರಲೇನು?" ಎನ್ನುತ್ತಿದ್ದಳು. ಅಚ್ಚುಕಟ್ಟಾಗಿ ಮಾತಾಡಬೇಕೆಂದು ಕಲಿಸಿದವಳು ನಾನೇ. ಅಚ್ಚುಕಟ್ಟಾದದ್ದಷ್ಟೇ ನನ್ನ ಪಾಲಿಗೆ ಬರುತ್ತಿತ್ತು.

ಒಂದು ದಿನ ಗೇಟಿನ ಹತ್ತಿರ ಆಕೆಯನ್ನು ನಿಲ್ಲಿಸಿ ಕೇಳಿಯೇಬಿಟ್ಟೆ, "ನಮ್ಮ ಅಂಕಿತಾ ನಿನ್ನ ಹತ್ತಿರ ಏನೇನು ಹೇಳ್ತಾಳೆ?"

ಆಕೆ ಚೀಲವನ್ನು ಭುಜದಿಂದ ಭುಜಕ್ಕೆ ಬದಲಿಸಿದಳು. "ಹೇನಿನ ಬಗ್ಗೆ ಕೇಳ್ರಿ ಅಮ್ಮಾರ, ಹೇಳತೀನಿ. ಕೂಸಿನ ಬಗ್ಗೆ ಕೂಸಿನ್ನ ಕೇಳ್ರಿ."

ಅಹಂಕಾರವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಮ್ಮೆ ಕಂಪ್ಲಿಯಿಂದ ಕಾರು ಕಳಿಸಿ ಆಕೆಯನ್ನು ಕರೆಸಿಕೊಂಡಿದ್ದರಂತೆ. ಮದುಮಗಳ ತಲೆಯಲ್ಲಿ ಅರಿಶಿನದ ಹಿಂದಿನ ದಿನ ಹೇನು ಸಿಕ್ಕಿದ್ದವು. ಆ ಹುಡುಗಿ ಅರ್ಧ ತಾಸಿನಲ್ಲಿ ಏನು ಹೇಳಿಕೊಂಡಳೆಂದು ಸುಜಾತಕ್ಕ ಎಷ್ಟು ಪೀಡಿಸಿದರೂ ಆಕೆ ಹೇಳಿದ್ದು ಇಷ್ಟೇ: "ಕೂದಲು ಭಾಳ ಚಂದ ಇದ್ವು ನೋಡ್ರಿ."

ಆ ವರ್ಷ ದಸರೆಯ ನಂತರ ನಾನು ಬೀಜಗಳನ್ನು ಆಕೆಗೆ ಪೂರ್ತಿ ಹಿಂದಿರುಗಿಸಲಿಲ್ಲ. ಒಂದು ಹಿಡಿಯನ್ನು ತೆಗೆದು ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಒಣಹಾಕಿದೆ. ಮಗಳ ತಲೆಗೆ ಶಾಲೆಯಿಂದ ಮತ್ತೆ ಹೇನು ಬಂದಿದ್ದವು. ಶನಿವಾರ ಮಧ್ಯಾಹ್ನ, ಆಕೆ ಬರುವ ಹಿಂದಿನ ದಿನವೇ, ಬೀಜದ ತಿರುಳನ್ನು ಮಿಕ್ಸಿಗೆ ಹಾಕಿದೆ. ನುಣುಪಾದ ಪುಡಿ. ಒರಳಿನ ತರಿಗಿಂತ ನನ್ನದೇ ವಾಸಿ ಎನಿಸಿತು. ಎಣ್ಣೆಯಲ್ಲಿ ಕಲಸಿದೆ, ಪಟ್ಟಿ ಕಟ್ಟಿದೆ, ಹಚ್ಚಿದೆ. ಮಗಳನ್ನು ನನ್ನ ತೊಡೆಗೆ ಒರಗಿಸಿಕೊಂಡು ಕೂತೆ. ಇನ್ನು ಅವಳು ಹೇಳುತ್ತಾಳೆ ಎಂದು ಕಾದೆ.

"ಏನಾದರೂ ಹೇಳು ಅಂಕೀ."

"ಏನು ಮಮ್ಮಿ?"

"ಏನಾದರೂ. ಶಾಲೇದು."

"ಏನಿಲ್ಲ ಮಮ್ಮಿ."

"ಹಂಪಿಗೆ ಹೋಗಿದ್ರಲ್ಲ, ಅದನ್ನ ಹೇಳು."

"ಅವತ್ತೇ ಹೇಳಿದ್ನಲ್ಲ. ಚೆನ್ನಾಗಿತ್ತು."

ನಾನು ಮತ್ತೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ತಲೆ ಭಾರವಾಯಿತು. ನಿದ್ದೆ ಬಂದಿತ್ತು. ಎಬ್ಬಿಸಬೇಕೆಂದು ತೋಚಲೇ ಇಲ್ಲ. ಎಷ್ಟೋ ತಿಂಗಳಿಂದ ನನ್ನ ಮಗಳು ಹೀಗೆ ನನ್ನ ಮೇಲೆ ಒರಗಿರಲಿಲ್ಲ. ಆ ಭಾರ ನನಗೆ ಎಷ್ಟು ಹಿತವಾಗಿತ್ತೆಂದರೆ ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ. ಪಟ್ಟಿ ಜಾರಿದ್ದನ್ನು ನೋಡಲಿಲ್ಲ. ನಿದ್ದೆಯಲ್ಲೇ ಅವಳ ಕೈ ಹಣೆಗೆ ಹೋಯಿತು, ಹಣೆಯಿಂದ ಕಣ್ಣಿಗೆ.

ಅವಳು ಕಿರುಚಿದ್ದು ನಾಲ್ಕು ಮನೆಗೆ ಕೇಳಿಸಿತು. ನೀರು ಎರಚಿದೆ, ಇನ್ನೂ ಕಿರುಚಿದಳು. ಸುಜಾತಕ್ಕ ಓಡಿ ಬಂದು ಆಟೋ ಕರೆದರು, ನಮ್ಮ ಜೊತೆಗೇ ಹತ್ತಿದರು. ಕಣ್ಣಿನ ಡಾಕ್ಟರು ಬಹಳ ಹೊತ್ತು ಕಣ್ಣು ತೊಳೆದರು. ಟಾರ್ಚು ಬಿಟ್ಟು ನೋಡಿದರು. ಕಪ್ಪುಗುಡ್ಡೆಯ ಮೇಲೆ ಸಿಪ್ಪೆ ಎದ್ದಿದೆ, ವಾಸಿಯಾಗುತ್ತದೆ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು. ಆಮೇಲೆ ಸಿಟ್ಟಿನಿಂದ ನನ್ನ ಕಡೆ ತಿರುಗಿದರು.

"ಓದಿದವರ ಹಂಗ ಕಾಣ್ತೀರಿ. ಈ ಬೀಜ ಯಾರು ಹಚ್ಚಿದ್ದು ಕೂಸಿಗೆ?"

ಸಿಸ್ಟರ ಪೆನ್ಸಿಲಿನ ತುದಿ ನನ್ನ ಜಡೆಯ ಕೆಳಗೆ ಬಂದಂತಾಯಿತು. ಪಕ್ಕದಲ್ಲಿ ಸುಜಾತಕ್ಕ ನಿಂತಿದ್ದರು.

"ಬಂಡ್ರಿಯಿಂದ ಒಬ್ಬಾಕೆ ಬರ್ತಾಳೆ ಡಾಕ್ಟರೇ, ಇವತ್ತು ಬಂದಿದ್ಲು" ಎಂದೆ.

ಮಗಳು ಎರಡೂ ಕಣ್ಣಿಗೆ ಹತ್ತಿಯಿಟ್ಟುಕೊಂಡು ಅಲ್ಲೇ ಮಲಗಿದ್ದಳು.

ಮರುದಿನ ಆಕೆ ಎಂದಿನಂತೆ ಬಂದಳು. ಸುಜಾತಕ್ಕ ಗೇಟಿನಲ್ಲೇ ಹಿಡಿದರು. "ಏನ್ ಹಚ್ಚಿದೆವ್ವಾ ಆ ಕೂಸಿಗೆ? ಕಣ್ಣು ಹೋಗ್ತಿತ್ತು!"

"ನಾ ಯಾವಾಗ ಹಚ್ಚೀನ್ರಿ? ನಾ ಬಂದಿದ್ದು ಹ್ವಾದ ಐತ್ವಾರ."

"ಮತ್ತ ನಿನ್ನೆ ಬಂದಿದ್ದಿ ಅಂತ ಅಮ್ಮಾರು ಸುಳ್ಳು ಹೇಳ್ತಾರೇನು? ನಮ್ಮನಿಗೆ ಇನ್ಮ್ಯಾಲೆ ಬರಬ್ಯಾಡವ್ವ ನೀನು."

ಆಕೆ ನನ್ನ ಮುಖ ನೋಡಿದಳು. ನಾನು ಗೇಟಿನ ಚಿಲಕ ನೋಡುತ್ತಿದ್ದೆ. ಆಕೆ ಸುಜಾತಕ್ಕನನ್ನು ದಾಟಿ ಒಳಗೆ ಬಂದು, ಮಗಳ ಕಣ್ಣು ನೋಡಿ, ಕಿವಿಯ ಹಿಂದೆ ಉಳಿದಿದ್ದ ಪುಡಿಯನ್ನು ಬೆರಳಿನಿಂದ ತೆಗೆದು ತಿಕ್ಕಿ ನೋಡಿದಳು. ಆಮೇಲೆ ನನಗೊಬ್ಬಳಿಗೇ ಕೇಳಿಸುವಂತೆ ಕೇಳಿದಳು, "ಮಿಕ್ಸಿಯಾಗ ಹಾಕಿದ್ರೇನು? ಭಾಳ ಸಣ್ಣಾಗೈತಿ. ಕೂಸು ನಿದ್ದಿ ಮಾಡ್ತಾ?"

"ಹೌದು."

"ಅದಕ್ಕ ಅಲ್ಲೇನ್ರಿ ನಾ ಮಾತಾಡಸೋದು. ಮಾತಾಡೋ ಕೂಸು ಮಕ್ಕೊಳ್ಳಂಗಿಲ್ಲ, ಕಣ್ಣು ತಿಕ್ಕಂಗಿಲ್ಲ."

ಒಂದು ವರ್ಷ ಕಿಟಕಿಯಲ್ಲಿ ನಿಂತು ನಾನು ಕಲಿತದ್ದರಲ್ಲಿ ಇದೊಂದು ಇರಲಿಲ್ಲ. ಆ ಮಾತುಗಳನ್ನು ಆಕೆ ನನ್ನಿಂದ ಕದ್ದುಕೊಳ್ಳುತ್ತಿದ್ದಾಳೆಂದೇ ನಾನು ತಿಳಿದಿದ್ದೆ.

ಹೊರಡುವಾಗ ಆಕೆಯ ದನಿ ಗಟ್ಟಿಯಾಯಿತು. "ಡಾಕ್ಟರಿಗೆ ಹೇಳಿದ್ದು ಹೇಳಿದ್ರಿ, ಹೋಗ್ಲಿ. ಸುಜಾತಕ್ಕಾರಿಗೆ ಖರೇ ಹೇಳ್ರಿ. ನಾ ಹೇಳಿದ್ರ ನಂಬಂಗಿಲ್ಲ. ನನಗ ಈ ನಾಕು ಮನಿ ಬೇಕ್ರಿ ಅಮ್ಮಾರ."

"ಹೇಳ್ತೀನಿ" ಎಂದೆ.

ಎಂಟನೆಯ ದಿನ ಮತ್ತೆ ಬಂದಳು. ಅಷ್ಟರಲ್ಲಿ ಸುದ್ದಿ ಉಳಿದ ಎರಡು ಮನೆಗಳಿಗೂ ಮುಟ್ಟಿತ್ತು. ಯಾರೂ ಗೇಟು ತೆರೆದಿರಲಿಲ್ಲ. ನಮ್ಮ ಗೇಟಿನ ಹೊರಗೇ ನಿಂತು, "ಹೇಳಿದ್ರೇನ್ರಿ?" ಎಂದಳು. ನಾನು "ಇನ್ನೂ ಇಲ್ಲ" ಎಂದೆ. ಒಳಗಿನಿಂದ ಅಂಕಿತಾ ಓಡಿ ಬರುವ ಸದ್ದು ಕೇಳಿ ನಾನು ಬಾಗಿಲು ಎಳೆದುಕೊಂಡೆ. ಆಮೇಲೆ ಆಕೆ ನಮ್ಮ ಕಾಲೊನಿಗೆ ಬರಲಿಲ್ಲ.

ಆಕೆ ಹೋದರೂ ನನ್ನ ಮಗಳು ನನಗೆ ಸಿಗಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಈಗ ಕೇಳುವುದಕ್ಕೂ ಏನಿರಲಿಲ್ಲ. ಕೆಲವು ವರ್ಷದ ಮೇಲೆ ಪಿಯುಸಿಯಲ್ಲಿ ಆಕೆಯ ಮೊಮ್ಮಗಳು ಅಂಕಿತಾಳ ಕ್ಲಾಸಿಗೇ ಬಂದು ಸೇರಿದಳು. ರಜೆ ಬಂದಾಗ ಅಂಕಿತಾ ಬಂಡ್ರಿಗೆ ಹೋಗಿ ಬರತೊಡಗಿದಳು. ಬಂದಾಗ ಕೂದಲಿಗೆ ಎಣ್ಣೆ ಇರುತ್ತಿತ್ತು. ಆಗ ಅವಳಿಗೆ ಹೇನು ಇರಲಿಲ್ಲ.

ಕಳೆದ ತಿಂಗಳು ನಾವಿಬ್ಬರೂ ಬಂಡ್ರಿಗೆ ಹೋದೆವು. ಮಣ್ಣು ಮಾಡುವುದು ಆಗಲೇ ಮುಗಿದಿತ್ತು. ಒಂದೇ ಕೋಣೆಯ ಮನೆಯ ಮುಂದೆ ಹೆಂಗಸರು ಕೂತಿದ್ದರು. ಸಂಡೂರಿನವರು, ಮರಿಯಮ್ಮನಹಳ್ಳಿಯವರು. ಕಂಪ್ಲಿಯಿಂದ ಒಬ್ಬಳು ಮಗುವನ್ನೆತ್ತಿಕೊಂಡು ಬಂದಿದ್ದಳು, ನಿಜವಾಗಿಯೂ ಚಂದದ ಕೂದಲಿನವಳು. ಎಲ್ಲರೂ ಒಂದಲ್ಲ ಒಂದು ಸಲ ಆ ಕೈಗೆ ತಲೆ ಕೊಟ್ಟವರು. ನನ್ನ ಮಗಳು ಅವರ ನಡುವೆ ಹೋಗಿ ಕೂತು, ಯಾರದೋ ಭುಜಕ್ಕೆ ಮುಖವಿಟ್ಟು ಅತ್ತಳು. ನಾನು ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತಿದ್ದೆ. ಸತ್ತವಳ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ನನಗೆ ಅಲ್ಲಿ ಗೊತ್ತಾಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ ನಾನೇ ಬಾಯಿ ತೆರೆದೆ. "ಅವತ್ತು ಡಾಕ್ಟರ ಹತ್ತಿರ ನಾನು ಸುಳ್ಳು ಹೇಳಿದ್ದೆ."

"ಗೊತ್ತು ಮಮ್ಮಿ. ಅಲ್ಲೇ ಮಲಗಿದ್ನಲ್ಲ."

"ಮತ್ತೆ ಯಾಕೆ ನೀನೇ ಹೇಳಲಿಲ್ಲ ಸುಜಾತ ಆಂಟಿಗೆ?"

"ಪಿಯುಸಿಯಲ್ಲಿದ್ದಾಗ ಹೇಳ್ತೀನಿ ಅಂದಿದ್ದೆ. ಅವ್ವ ಬೇಡ ಅಂದ್ಲು. 'ನಿಮ್ಮ ಮಮ್ಮಿ ಹೇಳತೀನಂದಾಳ, ಹೇಳತಾಳ. ನೀ ಹೇಳಿದ್ರ ಆಕೀ ಮಾನ ಹೋಗತೈತಿ' ಅಂತ. ಹೋದಾಗೆಲ್ಲ ಕೇಳ್ತಿದ್ಲು, 'ಹೇಳಿದ್ಲಂತೇನು?' ಅಂತ."

"ನೀನೇನು ಹೇಳ್ತಿದ್ದೆ?"

"ಇನ್ನೂ ಇಲ್ಲ ಅಂತಿದ್ದೆ."

ನನ್ನ ಸುಳ್ಳು ಕೂಡ ಅವರಿಬ್ಬರ ಮಾತಿಗೆ ಸೇರಿತ್ತು. ಅದನ್ನೂ ಅವರು ನನಗೆ ಗೊತ್ತಾಗದಂತೆ ಕಾಪಾಡಿಕೊಂಡು ಬಂದಿದ್ದರು. ಇನ್ನೇನು ಹೇಳಿದಳು ಎಂದು ಕೇಳಿದೆ. "ಅದು ಬೇರೆ ಮಮ್ಮಿ" ಎಂದು ಅಂಕಿತಾ ಮೊಬೈಲು ತೆಗೆದಳು.

ಮನೆಗೆ ಬಂದವಳು ಬೀಗ ತೆಗೆಯದೆ, ಕೀಲಿಯನ್ನು ಮಗಳ ಕೈಗೆ ಕೊಟ್ಟು ನೇರ ಸುಜಾತಕ್ಕನ ಮನೆಗೆ ಹೋದೆ. ಅವರು ವರಾಂಡದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ನಿಂತೇ ಹೇಳಿದೆ. ಬೀಜ ಹಚ್ಚಿದ್ದು ನಾನು, ಆಕೆಯಲ್ಲ. ಸುಜಾತಕ್ಕನ ಕೈ ನಿಂತಿತು.

"ಹತ್ತು ವರ್ಷ ಆತಲ್ಲವ್ವಾ" ಎಂದರು. "ನನ್ನ ಬಾಯಿಲೆ ಆಕೀನ ಬೈಸಿದಿ. ಆಕೀ ಇದ್ದಾಗ ಒಂದು ಮಾತು ಹೇಳಿದ್ದರ ಮತ್ತ ಕರೀತಿದ್ದೆನಲ್ಲ. ಯಾಕ ಹೇಳಲಿಲ್ಲ?"

ನಾಚಿಕೆಯಾಗಿತ್ತು ಎಂದೆ. ಅವರು ನಂಬಿದರು. ನಾಚಿಕೆಯೂ ಇತ್ತು. ಆದರೆ ಅದು ಒಂದೆರಡು ವರ್ಷದಲ್ಲಿ ಸವೆದು ಹೋಗಿತ್ತು. ಉಳಿದ ವರ್ಷಗಳೆಲ್ಲ ನಾನು ಬಾಯಿ ಬಿಡದೆ ಇದ್ದದ್ದು, ಸುಜಾತಕ್ಕ ಕರೆದರೆ ಆಕೆ ಖಂಡಿತ ಬರುತ್ತಿದ್ದಳು ಎಂಬ ಕಾರಣಕ್ಕೆ. ಬಂದರೆ ನಾಲ್ಕು ಮನೆಗಳಲ್ಲಿ ಮೊದಲು ನಮ್ಮ ಗೇಟನ್ನೇ ತೆರೆಯುತ್ತಿದ್ದಳು.